ದುಡ್ಡು ಕಳಿಸೋದು ಬೇಗ ಆಯ್ತು, ಬಿಲ್ ಪಾಸ್ ಆಗೋದು?

ನಿಮ್ಮ ಪ್ರಶ್ನೆ: "ಸಣ್ಣ ಯೂನಿಟ್ ಶುರು ಮಾಡಬೇಕು ಅಂತಿದ್ದೇನೆ. ಕಂಪನಿಗಳ ನಡುವಿನ ಪೇಮೆಂಟ್ ಡಿಜಿಟಲ್‌ನಿಂದ ನಿಜವಾಗಿ ಬದಲಾಗಿದೆಯಾ, ಇಲ್ಲ ಚೆಕ್ ಹೋಗಿ ಮೊಬೈಲ್ ಬಂತು ಅಷ್ಟೇನಾ?"

ಪೀಣ್ಯದಲ್ಲಿ ನಮ್ಮದು ಒಂದು ಮೆಷಿನ್ ಶಾಪ್. ಪಂಪಿನ ಬಿಡಿಭಾಗ ಮಾಡಿ ದೊಡ್ಡ ಕಂಪನಿಗಳಿಗೆ ಕೊಡುತ್ತೇವೆ. ಅಪ್ಪನ ಕಾಲದಿಂದ ಇದೇ ಕೆಲಸ. ಹಾಗಾಗಿ ನಾನು ಕಂಡದ್ದನ್ನೇ ಹೇಳುತ್ತೇನೆ.

ಅಪ್ಪ ಶನಿವಾರ ಬೆಳಿಗ್ಗೆ ಬ್ಯಾಗ್ ಹಿಡಿದು ಬೊಮ್ಮಸಂದ್ರಕ್ಕೆ ಹೊರಡುತ್ತಿದ್ದರು. ಅಲ್ಲಿ ಅಕೌಂಟ್ಸ್ ವಿಭಾಗದ ಬೆಂಚಿನ ಮೇಲೆ ಕಾಯುವುದು. ಚೆಕ್ ರೆಡಿ ಇದ್ದರೆ ಸಹಿ ಮಾಡುವವರು ರಜೆ. ಚೆಕ್ ಸಿಕ್ಕರೆ ಕ್ಲಿಯರಿಂಗ್‌ಗೆ ಮತ್ತೆರಡು ದಿನ. ಈ ಓಡಾಟವೆಲ್ಲ ನಿಂತಿದೆ. ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದಕ್ಕೆ ಆನ್‌ಲೈನ್‌ನಲ್ಲಿ ದುಡ್ಡು ಕಳಿಸುವ ವ್ಯವಸ್ಥೆಗಳಾದ ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತಿವೆ, ಭಾನುವಾರವೂ ಸೇರಿ. ಪಾರ್ಟಿಯವರು ಯುಟಿಆರ್ ನಂಬರನ್ನು (ದುಡ್ಡು ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ವಾಟ್ಸಾಪ್ ಮಾಡುತ್ತಾರೆ, ನಾನು ಸ್ಟೇಟ್‌ಮೆಂಟ್‌ನಲ್ಲಿ ನೋಡಿಕೊಂಡು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಹಾಕುತ್ತೇನೆ.

ಆದರೆ ಒಂದು ಮಾತು ಗಮನಿಸಿ. ಬ್ಯಾಂಕಿನಲ್ಲಿ ಕಳೆಯುತ್ತಿದ್ದದ್ದು ಎರಡು ದಿನ. ಮಾಲು ಕೊಂಡವರ ಟೇಬಲ್ ಮೇಲೆ ಬಿಲ್ ಕಳೆಯುತ್ತಿದ್ದದ್ದು 90 ದಿನ! ಮಾಲು ಇಳಿಸಿ, ಕ್ವಾಲಿಟಿಯವರು ನೋಡಿ, ಸ್ಟೋರ್‌ನವರು ಎಂಟ್ರಿ ಹಾಕಿ, ಆಮೇಲೆ ಅಕೌಂಟ್ಸ್. ಅಷ್ಟರಲ್ಲಿ ನಾವು ಓಡಿಗೆ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲಕ್ಕೆ) ಬಡ್ಡಿ ಕಟ್ಟುತ್ತಾ ಹುಡುಗರಿಗೆ ಸಂಬಳ ಹೊಂದಿಸಬೇಕು. ಆರ್‌ಟಿಜಿಎಸ್ ಎಷ್ಟು ಬೇಗ ಆದರೂ ಈ 90 ದಿನ ಕಮ್ಮಿ ಆಗಲಿಲ್ಲ.

ನನ್ನ ಮಟ್ಟಿಗೆ ನಿಜವಾದ ಬದಲಾವಣೆ ಟ್ರೆಡ್ಸ್, ಅಂದರೆ ಸಣ್ಣ ಉದ್ಯಮದವರು ಬಾಕಿ ಬಿಲ್ ತೋರಿಸಿ ಗಡುವಿಗೆ ಮೊದಲೇ ಬ್ಯಾಂಕಿನಿಂದ ದುಡ್ಡು ಪಡೆಯುವ ಆನ್‌ಲೈನ್ ವ್ಯವಸ್ಥೆ. ರಿಸರ್ವ್ ಬ್ಯಾಂಕ್ ಒಪ್ಪಿಗೆ ಪಡೆದ ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಎಂಬ ವೇದಿಕೆಗಳು 2017ರಿಂದ ಇವೆ. ನಾವು ನಮ್ಮ ಬಿಲ್ ಹಾಕುತ್ತೇವೆ. ಕೊಂಡ ಕಂಪನಿ "ಹೌದು, ಇಷ್ಟು ಕೊಡಬೇಕು" ಅಂತ ಆನ್‌ಲೈನ್‌ನಲ್ಲೇ ಒಪ್ಪುತ್ತದೆ. ಒಪ್ಪಿದ ಮೇಲೆ ಆ ಬಿಲ್ಲಿಗೆ ಬ್ಯಾಂಕುಗಳು ಬಿಡ್ ಹಾಕುತ್ತವೆ, ಅಂದರೆ ಇಷ್ಟು ಬಡ್ಡಿಗೆ ಈಗಲೇ ದುಡ್ಡು ಕೊಡುತ್ತೇವೆ ಅನ್ನುತ್ತವೆ. ಗಡುವಿನ ದಿನ ಕೊಂಡ ಕಂಪನಿ ಆ ಬ್ಯಾಂಕಿಗೆ ಕಟ್ಟುತ್ತದೆ.

ಮೊದಲ ಸಲ ನಾನು ಹಾಕಿದ್ದು 4,20,000 ರೂಪಾಯಿಯ ಬಿಲ್, 45 ದಿನದ ಗಡುವು. ಕೊಂಡವರ ಒಪ್ಪಿಗೆ ಬಂದ ದಿನ ಮಧ್ಯಾಹ್ನ ಊಟ ಬಿಟ್ಟು ಸ್ಕ್ರೀನ್ ನೋಡುತ್ತಾ ಕೂತಿದ್ದೆ. ಒಂದು ಬ್ಯಾಂಕ್ ವರ್ಷಕ್ಕೆ 9.2 ಶೇಕಡಾ ಬಡ್ಡಿ ಅಂದಿತು, ಇನ್ನೊಂದು 8.5. ಎರಡನೆಯದನ್ನು ಒಪ್ಪಿದೆ. ಬಡ್ಡಿ ಸುಮಾರು 4,400 ರೂಪಾಯಿ ಹಿಡಿದುಕೊಂಡು ಮಿಕ್ಕಿದ್ದು ಮರುದಿನ ಖಾತೆಗೆ ಬಂತು. ಅಪ್ಪನಿಗೆ ಮೆಸೇಜ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು. "ಯಾರನ್ನ ಹೋಗಿ ನೋಡಿದೆ?" ಅಂದರು.

ಬಡ್ಡಿ ನಮ್ಮ ಓಡಿಗಿಂತ ಕಮ್ಮಿ ಯಾಕೆ ಗೊತ್ತಾ? ಬ್ಯಾಂಕ್ ನೋಡುವುದು ಕೊಂಡ ಕಂಪನಿಯ ಯೋಗ್ಯತೆಯನ್ನು, ನಮ್ಮ ಶೆಡ್ಡನ್ನಲ್ಲ. ಅಡವು ಇಡಬೇಕಿಲ್ಲ. ಗಡುವಿನ ದಿನ ಆ ಕಂಪನಿ ದುಡ್ಡು ಕಟ್ಟದಿದ್ದರೂ ಬ್ಯಾಂಕ್ ನಮ್ಮನ್ನು ಕೇಳುವ ಹಾಗಿಲ್ಲ. ಸಣ್ಣವರಿಗೆ ಇದು ತುಂಬಾ ದೊಡ್ಡ ವಿಷಯ.

ತೊಡಕೂ ಇದೆ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಟ್ರೆಡ್ಸ್‌ನಲ್ಲಿ ನೋಂದಾಯಿಸಿರಬೇಕು ಎಂದು 2024ರ ನವೆಂಬರ್‌ನಲ್ಲಿ ಸರ್ಕಾರ ಆದೇಶ ಮಾಡಿತು. ಮೊದಲು ಈ ಮಿತಿ 500 ಕೋಟಿ ಇತ್ತು. ಆದರೆ ಹೆಸರು ನೋಂದಾಯಿಸಿ, ಬಿಲ್‌ಗೆ ಒಪ್ಪಿಗೆ ಮಾತ್ರ ಕೊಡದೆ ಸುಮ್ನೆ ಕೂರುವವರನ್ನು ನಾನು ನೋಡಿದ್ದೇನೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಒಪ್ಪಿಗೆ ಕೊಟ್ಟರೆ ಅವರ ಕೈಯಿಂದ ಒಂದು ರೂಪಾಯಿಯೂ ಬೇಗ ಹೋಗುವುದಿಲ್ಲ. ಗಡುವಿಗೇ ಕಟ್ಟಿದರಾಯ್ತು. ಆದರೂ ಎಷ್ಟೋ ಕಡೆ ಆ ಒಂದು ಬಟನ್ ಒತ್ತಿಸಲು ನಾಲ್ಕು ಫೋನ್ ಮಾಡಬೇಕು.

ಇ-ಇನ್‌ವಾಯ್ಸ್‌ನಿಂದಲೂ ಸ್ವಲ್ಪ ಅನುಕೂಲ ಆಗಿದೆ. ಇದು ಜಿಎಸ್‌ಟಿಗಾಗಿ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್. 2023ರ ಆಗಸ್ಟ್‌ನಿಂದ ವಹಿವಾಟು 5 ಕೋಟಿ ದಾಟಿದವರಿಗೆ ಅದು ಕಡ್ಡಾಯ. ಬಿಲ್ ಮಾಡುವಾಗಲೇ ಪೋರ್ಟಲ್‌ನಿಂದ ಒಂದು ನಂಬರ್, ಕ್ಯೂಆರ್ ಕೋಡ್ ಬರುತ್ತದೆ. "ನಿಮ್ಮ ಬಿಲ್ ಬಂದೇ ಇಲ್ಲ" ಅನ್ನೋ ಮಾತು ಈಗ ಕೇಳುವುದು ಅಪರೂಪ.

ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಸ್ನೇಹಿತರೊಬ್ಬರಿಗೆ ಸ್ಟೀಲ್ ಕೊಡುವವರ ಹೆಸರಲ್ಲಿ ಇಮೇಲ್ ಬಂತು, "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಅಂತ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆ ಇತ್ತು. ಇವರು ನೋಡಲಿಲ್ಲ, ಕಳಿಸಿಬಿಟ್ಟರು. ಆರ್‌ಟಿಜಿಎಸ್‌ನಲ್ಲಿ ಹೋದ ದುಡ್ಡು ಚೆಕ್ ತರಹ ನಿಲ್ಲಿಸಲು ಬರುವುದಿಲ್ಲ. ಖಾತೆ ನಂಬರ್ ಬದಲಾಯ್ತು ಎಂದರೆ, ನಿಮ್ಮ ಹತ್ತಿರ ಮೊದಲಿಂದ ಇರುವ ನಂಬರಿಗೆ ಫೋನ್ ಮಾಡಿ, ದನಿ ಕೇಳಿ, ಆಮೇಲೆ ಕಳಿಸಿ. 2025ರ ಏಪ್ರಿಲ್‌ನಿಂದ ನೆಟ್ ಬ್ಯಾಂಕಿಂಗ್‌ನಲ್ಲಿ ಖಾತೆದಾರರ ಹೆಸರು ನೋಡಿಕೊಳ್ಳುವ ಸೌಲಭ್ಯ ಬಂದಿದೆ, ಅದನ್ನೂ ಬಳಸಿ.

ನೀವು ಯೂನಿಟ್ ಶುರು ಮಾಡುವುದಾದರೆ ಮೊದಲ ವಾರವೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಮಾಡಿಸಿ. ಶುಲ್ಕ ಇಲ್ಲ. ಅದಿಲ್ಲದೆ ಟ್ರೆಡ್ಸ್ ಬಾಗಿಲು ತೆರೆಯುವುದಿಲ್ಲ, 45 ದಿನದೊಳಗೆ ದುಡ್ಡು ಕೇಳುವ ಕಾನೂನಿನ ಬಲವೂ ಸಿಗುವುದು ಕಷ್ಟ. ಮತ್ತೆ ಮೊದಲ ಆರ್ಡರ್ ಮಾತಾಡುವಾಗ ರೇಟ್ ಜೊತೆಗೇ ಇದನ್ನೂ ಕೇಳಿ: ನೀವು ಟ್ರೆಡ್ಸ್‌ನಲ್ಲಿ ಇದ್ದೀರಾ, ಮಾಲು ಬಂದ ಎಷ್ಟು ದಿನಕ್ಕೆ ಬಿಲ್ ಒಪ್ಪುತ್ತೀರಿ? ಉತ್ತರವನ್ನು ಪಿಒದಲ್ಲೇ (ಅವರು ಕೊಡುವ ಖರೀದಿ ಆರ್ಡರ್ ಪತ್ರದಲ್ಲೇ) ಬರೆಸಿಕೊಳ್ಳಿ. ನಾನು ಈಗ ಹಾಗೇ ಮಾಡುತ್ತೇನೆ.