1942ರ ಧಾರವಾಡದ ಉಡುಪು ಬೇಕೆಂದರೆ ಬಾಡಿಗೆ ಅಂಗಡಿ ಬಿಡಿ, ಮಗ್ಗದ ಊರು ಹಿಡಿಯಿರಿ

ನಿಮ್ಮ ಪ್ರಶ್ನೆ ಇಷ್ಟು: 1942ರ ಧಾರವಾಡದಲ್ಲಿ ನಡೆಯುವ ಕಿರುಚಿತ್ರ. ಒಬ್ಬ ಶಾಲಾ ಮಾಸ್ತರ, ಅವರ ಹೆಂಡತಿ, ಕಾಲೇಜು ಓದುವ ಮಗಳು. ಬಾಡಿಗೆಗೆ ತಂದದ್ದೆಲ್ಲ ಧಾರಾವಾಹಿ ಬಟ್ಟೆಯ ಥರ ಕಾಣುತ್ತಿದೆ. ಆ ಕಾಲದ್ದೇ ಅನ್ನಿಸುವಂಥ ಹೊಸ ಬಟ್ಟೆ ಎಲ್ಲಿ ಸಿಗುತ್ತದೆ?

ಹೊಲಿದು ಸಿದ್ಧವಾಗಿ ಎಲ್ಲೂ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ 'ವಿಂಟೇಜ್', 'ರೆಟ್ರೋ' ಅಂತ ಮಾರುವುದು ಇವತ್ತಿನ ಕಟಿಂಗಿನ ಬಟ್ಟೆಯೇ, ಬಣ್ಣ ಮಾತ್ರ ಸ್ವಲ್ಪ ಮಂಕು. ಆದರೆ ನಿಮ್ಮ ಕಥೆ ಧಾರವಾಡದ್ದಾಗಿರುವುದು ಒಳ್ಳೆಯದೇ ಆಯಿತು. ಆ ಕಾಲದ ಜನ ಉಟ್ಟ ಬಟ್ಟೆಯನ್ನು ಇಳಕಲ್, ಗುಳೇದಗುಡ್ಡಗಳಲ್ಲಿ ಇನ್ನೂ ನೇಯುತ್ತಾರೆ. ಖಾದಿಗೆ ಗರಗ ಇದೆ, ಹುಬ್ಬಳ್ಳಿಯ ಬೆಂಗೇರಿ ಇದೆ. ಸರಿಯಾದ ಬಟ್ಟೆಯನ್ನು ಅಲ್ಲಿಂದ ತಂದು, ಹೊಲಿಗೆಯನ್ನು ನೀವೇ ನಿಂತು ಮಾಡಿಸಬೇಕು.

ಹೊರಡುವ ಮೊದಲು ಹಳೇ ಫೋಟೋ ನೋಡುತ್ತೀರಿ. ಅಲ್ಲಿ ಎರಡು ಕಡೆ ಮೋಸ ಹೋಗಬಹುದು. ಆಗ ಬಳಕೆಯಲ್ಲಿದ್ದ ಪ್ಲೇಟು, ಫಿಲ್ಮುಗಳಲ್ಲಿ ಎಷ್ಟೋ ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲ. ಅಜ್ಜಿಯ ಫೋಟೋದಲ್ಲಿ ಕಪ್ಪಾಗಿ ಕಾಣುವ ಸೀರೆ ನಿಜಕ್ಕೂ ಕೆಂಪು ಇದ್ದಿರಬಹುದು, ಬೆಳ್ಳಗೆ ಕಾಣುವುದು ತಿಳಿ ನೀಲಿ ಇದ್ದಿರಬಹುದು. ಹಾಗಾಗಿ ಫೋಟೋದಿಂದ ಉಡುವ ಕ್ರಮ, ತೋಳಿನ ಉದ್ದ, ಅಂಚಿನ ಅಗಲ ಇಷ್ಟನ್ನು ತೆಗೆದುಕೊಳ್ಳಿ, ಬಣ್ಣವನ್ನು ಮನೆಯ ಪೆಟ್ಟಿಗೆಯಲ್ಲಿ ಉಳಿದ ಹಳೇ ಸೀರೆ ನೋಡಿ ತೀರ್ಮಾನಿಸಿ. ಇನ್ನೊಂದು, ಸ್ಟುಡಿಯೋಗೆ ಹೋಗುವವರು ಇದ್ದುದರಲ್ಲಿ ಒಳ್ಳೆಯದನ್ನು ಹಾಕಿಕೊಂಡು ಹೋಗುತ್ತಿದ್ದರು. ಅದನ್ನೇ ಅಡುಗೆಮನೆಯ ದೃಶ್ಯಕ್ಕೂ ಉಡಿಸಿದರೆ ಮತ್ತೆ ಧಾರಾವಾಹಿಯೇ ಆಗುತ್ತದೆ.

ಹೆಂಡತಿಯ ಸೀರೆಯಿಂದ ಶುರು ಮಾಡಿ, ಏಕೆಂದರೆ ಹೆಚ್ಚು ಸಮಯ ಬೇಡುವುದು ಅದೇ. ಅಂಗಡಿಯಲ್ಲಿ 'ಇಳಕಲ್ ಸೀರೆ' ಅಂತ ಕೊಡುವುದು ಆರು ವಾರಿನದು, ಅಂದರೆ 12 ಮೊಳ. ಕಚ್ಚೆ ಹಾಕಿ ಉಡುವ ಮನೆತನವಾದರೆ 18 ಮೊಳದ್ದು ಬೇಕು. ಕಚ್ಚೆಯಿಲ್ಲದೆ ನಿರಿಗೆ ಹಿಡಿದು, ಸೆರಗನ್ನು ತಲೆಯ ಮೇಲೆ ಹೊದೆಯುವವರಾದರೆ 16 ಮೊಳ ಸಾಕು. 12 ಮೊಳದ ಸೀರೆಯಲ್ಲಿ ಕಚ್ಚೆ ಹಾಕಿಸಲು ಹೋದರೆ ಸೆರಗು ತಲೆಗೆ ಮುಟ್ಟುವುದೇ ಇಲ್ಲ, ನಟಿ ಇಡೀ ದಿನ ಅದನ್ನು ಎಳೆದುಕೊಳ್ಳುತ್ತಿರುತ್ತಾರೆ. ಆದ್ದರಿಂದ ಮಾಸ್ತರ ಯಾವ ಮನೆತನದವರು ಎನ್ನುವುದನ್ನು ಚಿತ್ರಕಥೆಯಲ್ಲೇ ಇತ್ಯರ್ಥ ಮಾಡಿಕೊಂಡು ಸೀರೆ ಹೇಳಿ.

ಒಡಲು ಅಪ್ಪಟ ಹತ್ತಿಯದಾಗಿರಲಿ, ಸೆರಗು ಕೆಂಪು, ಅದರ ಮೇಲೆ ತೋಪ ತೆನಿ ಎನ್ನುವ ಬಿಳಿಯ ವಿನ್ಯಾಸ. ಅಸಲಿ ಇಳಕಲ್‌ನಲ್ಲಿ ಒಡಲಿನ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿರುತ್ತಾರೆ. ಸೀರೆ ತಿರುಗಿಸಿ ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿ: ಸಣ್ಣ ಸಣ್ಣ ಕುಣಿಕೆಗಳ ಸಾಲು ಕೈಗೆ ತಾಗಬೇಕು. ಗೆರೆ ನುಣ್ಣಗಿದ್ದರೆ ಕೊಂಡಿ ಇಲ್ಲ, ಒಂದೇ ಹಾಸಿನ ಮೇಲೆ ಬಣ್ಣ ಬದಲಿಸಿದ್ದಾರೆ ಎಂದರ್ಥ. ಹಾಗೆಯೇ ಅಂಚಿನ ತುದಿಯಲ್ಲಿ ಒಂದೇ ಅಂತರದಲ್ಲಿ ಸೂಜಿ ಚುಚ್ಚಿದಂಥ ತೂತುಗಳಿವೆಯೇ ನೋಡಿ. ಬಟ್ಟೆಯ ಅಗಲ ಕುಗ್ಗದಂತೆ ಕೈಮಗ್ಗದಲ್ಲಿ ಅಡ್ಡಲಾಗಿ ಕೊಡುವ ಪಟ್ಟಿಯ ಮೊಳೆ ಗುರುತು ಅದು. ತಂದ ಮೇಲೆ ಫಾಲ್, ಪಿಕೋ ಮಾಡಿಸಬೇಡಿ. ಅವೆಲ್ಲ ಆಮೇಲೆ ಬಂದವು, ನಿರಿಗೆ ಬೀಳುವ ರೀತಿಯೇ ಬದಲಾಗಿಬಿಡುತ್ತದೆ.

ನೂಲಿನ ಪರೀಕ್ಷೆಗೆ ಎಲ್ಲರೂ ಸುಟ್ಟು ನೋಡಿ ಅನ್ನುತ್ತಾರೆ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಇದರಲ್ಲಿ ರೇಯಾನ್ ತಪ್ಪಿಸಿಕೊಳ್ಳುತ್ತದೆ, ಅದೂ ಹತ್ತಿಯ ಹಾಗೇ ಉರಿಯುತ್ತದೆ. ಒಂದು ಎಳೆ ಬಿಚ್ಚಿ ನೀರಲ್ಲಿ ಒದ್ದೆ ಮಾಡಿ ಎಳೆಯಿರಿ: ರೇಯಾನ್ ಒದ್ದೆಯಾದರೆ ದುರ್ಬಲ, ಪಟ್ಟನೆ ತುಂಡಾಗುತ್ತದೆ, ಹತ್ತಿ ತಡೆಯುತ್ತದೆ. ಹಾಗಂತ ಸೆರಗಿನಲ್ಲಿ ರೇಯಾನ್ ಕಂಡರೆ ಗಾಬರಿ ಬೇಡ. ಕೃತಕ ರೇಷ್ಮೆ ಅಂತ ಅದು ಆಗಲೇ ಪೇಟೆಯಲ್ಲಿತ್ತು. ಬೇಡವಾದದ್ದು ಪಾಲಿಯೆಸ್ಟರ್. ಇಂಗ್ಲೆಂಡಿನಲ್ಲಿ ಅದನ್ನು ಕಂಡುಹಿಡಿದದ್ದೇ 1941ರಲ್ಲಿ, ನಮ್ಮ ಕಡೆ ಟೆರಿಲಿನ್, ಟೆರಿಕಾಟ್ ಬಂದದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಕ್ಕೆ.

ಹಬ್ಬದ ದೃಶ್ಯವಿದ್ದರೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯಷ್ಟು ಧಾರವಾಡದ್ದು ಅನ್ನಿಸುವುದು ಬೇರೆ ಇಲ್ಲ. ಕಸೂತಿಯನ್ನು ಹಿಂಬದಿಯಿಂದಲೇ ಕೊಳ್ಳಿ. ಗವಂತಿ, ಮುರಗಿ ಹೊಲಿಗೆ ಎರಡೂ ಬದಿ ಒಂದೇ ಥರ ಇರುತ್ತವೆ, ಗಂಟು ಕಾಣುವುದಿಲ್ಲ. ಮಷಿನ್ ಕಸೂತಿಯ ಹಿಂದೆ ಬಾಬಿನ್ ದಾರ ಗಿಜಿಗಿಜಿ ಎನ್ನುತ್ತಿರುತ್ತದೆ.

ಕುಪ್ಪಸಕ್ಕೆ ಗುಳೇದಗುಡ್ಡ ಖಣ. ತಾಯಿಗೆ ಮುಂದೆ ಗಂಟು ಕಟ್ಟುವ ಕುಪ್ಪಸ, ಖಣದ ಅಂಚು ತೋಳಿನ ಕೊನೆಗೆ ಬರುವಂತೆ ಕತ್ತರಿಸಿದ್ದು. ಖಣದ ಪನ್ನ (ಅಗಲ) ಕಿರಿದು, ಆದ್ದರಿಂದ ಮೈಕಟ್ಟು ದೊಡ್ಡದಿದ್ದರೆ ಎರಡು ತುಂಡು ತನ್ನಿ, ಅದೂ ಒಂದೇ ಹಾಸಿನದು, ಇಲ್ಲವಾದರೆ ಬಣ್ಣ ಕೂಡುವುದಿಲ್ಲ. ಮಗಳಿಗೆ 12 ಮೊಳದ ಸೀರೆ, ಜಂಪರು (ಆಗಿನ ಬ್ಲೌಸು): ಕತ್ತು ಮೇಲಕ್ಕೆ, ಮೊಳಕೈವರೆಗೆ ತೋಳು, ಭುಜದಲ್ಲಿ ಸಣ್ಣ ಪಫ್, ಹುಕ್ಕು ಮುಂದೆ. ಪ್ಯಾಡ್, ಬೆನ್ನಿನ ಡೋರಿ, ಪ್ರಿನ್ಸೆಸ್ ಕಟ್ ಯಾವುದೂ ಬೇಡ. 'ಸ್ವಲ್ಪ ಫಿಟ್ಟಿಂಗ್ ಕೊಡ್ತೀನಿ ಬಿಡ್ರಿ' ಅಂತ ಟೇಲರ್ ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ. ಕಂಕುಳಲ್ಲಿ ಸಡಿಲ ಇದ್ದರೇನೇ ಆ ಕಾಲದ ನೋಟ.

ಮಾಸ್ತರರಿಗೆ ಮೈಸೂರು ಪೇಟ ಹಾಕಿಸಿದರೆ ಕೆಟ್ಟಿತು. ಬಾಡಿಗೆ ಅಂಗಡಿಯವರು ಮೊದಲು ಕೊಡುವುದು ಅದನ್ನೇ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಧೋತರ, ಕತ್ತಿನವರೆಗೆ ಗುಂಡಿ ಹಾಕುವ ಉದ್ದ ಕೋಟು, ಕರಿ ಟೊಪ್ಪಿಗೆ ಸರಿ. ಬಿಳಿ ಗಾಂಧಿ ಟೊಪ್ಪಿಗೆಯನ್ನು ಯೋಚಿಸಿ ಹಾಕಿಸಿ: ಕ್ವಿಟ್ ಇಂಡಿಯಾ ಚಳವಳಿಯ ವರ್ಷ ಸರಕಾರಿ ಸಂಬಳದ ಮಾಸ್ತರ ಅದನ್ನು ಹಾಕಿಕೊಂಡು ಶಾಲೆಗೆ ಬಂದರೆ ಅದೇ ಒಂದು ಘಟನೆ. ವೆಲ್ಕ್ರೋ ಅಂಟಿಸಿದ ರೆಡಿಮೇಡ್ ಧೋತರ ಕೂತು ಎದ್ದರೆ ಗೊತ್ತಾಗಿಬಿಡುತ್ತದೆ, ನಟರಿಗೆ ಕಚ್ಚೆ ಹಾಕುವುದನ್ನು ಕಲಿಸಿ.

ಕೋಟಿಗೆ ಹತ್ತಿಯ ಡ್ರಿಲ್ ಅಥವಾ ದಪ್ಪ ಖಾದಿ. ಖಾದಿ ಭಂಡಾರದಲ್ಲಿ ಪಾಲಿವಸ್ತ್ರವೂ ಇರುತ್ತದೆ, ಅದು ಪಾಲಿಯೆಸ್ಟರ್ ಬೆರಕೆ, ಕೇಳಿಯೇ ತೆಗೆದುಕೊಳ್ಳಿ. ಅಳತೆಗಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ಕೊಳ್ಳಿ. ಕತ್ತರಿಸುವ ಮೊದಲು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಇದನ್ನು ಬಿಟ್ಟರೆ ಮೊದಲ ಒಗೆತಕ್ಕೇ ಕೋಟಿನ ತೋಳು ಮಣಿಕಟ್ಟಿನಿಂದ ಮೇಲೇರುತ್ತದೆ. ಕಾಲರಿಗೆ ಇಸ್ತ್ರಿಯಲ್ಲಿ ಅಂಟುವ ಫ್ಯೂಸಿಂಗ್ ಬೇಡ, ಕ್ಯಾನ್ವಾಸ್ ಇಟ್ಟು ಹೊಲಿಯಲಿ. ಗುಂಡಿ ಹಿತ್ತಾಳೆಯದೋ ಚಿಪ್ಪಿನದೋ ಇರಲಿ. ಚಿಪ್ಪಿನ ಗುಂಡಿ ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಇರುವುದಿಲ್ಲ.

ಹೊಲಿಗೆಯಲ್ಲಿ ಕೆಡುವುದು ಮುಖ್ಯವಾಗಿ ದಾರದಿಂದ. ಟೇಲರ್ ಬಳಿ ಇರುವುದು ಪಾಲಿಯೆಸ್ಟರ್ ದಾರ. ಬಟ್ಟೆಗೆ ವಯಸ್ಸು ತರಲೆಂದು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿದಾಗ ಬಟ್ಟೆ ಬಣ್ಣ ಹಿಡಿಯುತ್ತದೆ, ದಾರ ಹಿಡಿಯುವುದಿಲ್ಲ, ಹೊಲಿಗೆಯ ಗೆರೆಯೆಲ್ಲ ಬೆಳ್ಳಗೆ ಎದ್ದು ಕಾಣುತ್ತದೆ. ಹತ್ತಿ ದಾರ ನೀವೇ ಕೊಂಡುಕೊಡಿ. ಮೋಟಾರ್ ಮಷಿನ್‌ನಲ್ಲಿ ಅದು ಪದೇ ಪದೇ ತುಂಡಾದರೆ ಟೆನ್ಷನ್ ಸಡಿಲಿಸಿ, 14 ನಂಬರಿನ ಸೂಜಿ ಹಾಕಿ, ನಿಧಾನಕ್ಕೆ ಓಡಿಸಲು ಹೇಳಿ, ಕಾಲಲ್ಲಿ ತುಳಿಯುವ ಮಷಿನ್ ಇದ್ದರೆ ಇನ್ನೂ ವಾಸಿ. ಓವರ್‌ಲಾಕ್ ಬೇಡ, ಒಳಗಿನ ಅಂಚನ್ನು ಮಡಚಿ ಹೊಲಿಸಿ. ಕೋಟು ಬಿಚ್ಚಿ ಗೂಟಕ್ಕೆ ಹಾಕುವ ದೃಶ್ಯದಲ್ಲಿ ಕ್ಯಾಮೆರಾ ನೋಡುವುದು ಒಳಗನ್ನೇ.

ಬಿಳಿ ಬಟ್ಟೆಗೆ ಒಂದು ಯುವಿ ಟಾರ್ಚ್ ತನ್ನಿ. ಕತ್ತಲಲ್ಲಿ ಧೋತರದ ಮೇಲೆ ಬಿಟ್ಟಾಗ ನೀಲಿಯಾಗಿ ಹೊಳೆದರೆ ಅದಕ್ಕೆ ಈಗಿನ ಬಿಳುಪುಕಾರಕ ಬಿದ್ದಿದೆ, ಬಿಸಿಲಲ್ಲಿ ಚಿತ್ರೀಕರಿಸಿದರೆ ಕಣ್ಣಿಗೆ ಹೊಡೆಯುತ್ತದೆ. ಬಹಳಷ್ಟು ಡಿಟರ್ಜೆಂಟ್ ಪುಡಿಯಲ್ಲೂ ಅದು ಇರುತ್ತದೆ, ಆದ್ದರಿಂದ ಒಂದು ಒಗೆತಕ್ಕೆ ನಿಮ್ಮ ಶ್ರಮವೆಲ್ಲ ಹಾಳು. ಬಾರ್ ಸೋಪಿನಲ್ಲಿ ಒಗೆದು ನೀಲಿ ಹಾಕಿ. ಹಳತು ಮಾಡಲು ಹತ್ತಿಯನ್ನು ವಾಷಿಂಗ್ ಸೋಡಾದಲ್ಲಿ ಕುದಿಸಬಹುದು. ರೇಷ್ಮೆ ಇರುವ ಸೆರಗಿಗೆ ಸೋಡಾ, ಬ್ಲೀಚ್ ಎರಡೂ ತಾಗಿಸಬೇಡಿ, ಎಳೆಯೇ ಸತ್ತುಹೋಗುತ್ತದೆ. ನಿಮ್ಮ ಕಥೆ 1943ಕ್ಕೆ ದಾಟಿದರೆ ತೇಪೆ ಹಾಕಿಸಲು ಹಿಂಜರಿಯಬೇಡಿ. ಯುದ್ಧದಿಂದ ಬಟ್ಟೆ ಸಿಗದಂತಾಗಿ ಆ ವರ್ಷ ಸರಕಾರ ಬಟ್ಟೆ, ನೂಲಿನ ಮೇಲೆ ನಿಯಂತ್ರಣ ತಂದಿತ್ತು.

18 ಮೊಳದ ಸೀರೆ ಕಪಾಟಿನಲ್ಲಿ ಇರುವುದು ಅಪರೂಪ, ನೇಯಿಸಿಯೇ ಕೊಡುತ್ತಾರೆ. ಹಾಸು ಹೂಡುವ ಶ್ರಮ ಒಂದು ಸೀರೆಗೆ ಗಿಟ್ಟುವುದಿಲ್ಲವಾದ್ದರಿಂದ ಒಂದಕ್ಕೇ ಒಪ್ಪದಿರಬಹುದು. ಇಡೀ ತಂಡಕ್ಕೆ ಬೇಕಾದ್ದನ್ನು ಒಟ್ಟಿಗೆ ಹೇಳಿ, ಚಿತ್ರೀಕರಣಕ್ಕೆ ಎರಡು ತಿಂಗಳಾದರೂ ಮುಂಚೆ. ದುಡ್ಡು ಕಡಿಮೆ ಬಿದ್ದರೆ ಹೆಂಡತಿಯ ಸೀರೆ, ಮಾಸ್ತರರ ಕೋಟು ಇವೆರಡನ್ನು ಸರಿಯಾಗಿ ಮಾಡಿಸಿ. ಮಗಳಿಗೆ ಈಗ ಸಿಗುವ ಆರು ವಾರಿನ ಕೈಮಗ್ಗದ ಸೀರೆಯೇ ನಡೆಯುತ್ತದೆ, ಬ್ಲೌಸ್ ಪೀಸು ಕತ್ತರಿಸಿ ತೆಗೆದರಾಯಿತು.