ದಾವಣಗೆರೆಯ ಸೋಲು ಮತ ವಿಭಜನೆಯಿಂದ ಆದದ್ದಲ್ಲ

2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆಯನ್ನು ಬಿಜೆಪಿ ಕಳೆದುಕೊಂಡದ್ದು ಪಕ್ಷೇತರ ಅಭ್ಯರ್ಥಿ ವಿನಯ್ ಕುಮಾರ್ ಮತ ಒಡೆದದ್ದರಿಂದಲ್ಲವೇ ಎಂದು ತಾವು ಪ್ರಶ್ನಿಸಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅವರು ಕಾಂಗ್ರೆಸ್ ಟಿಕೆಟ್ ಸಿಗದೆ ಕಣಕ್ಕಿಳಿದವರು. ಪಡೆದ 40 ಸಾವಿರಕ್ಕೂ ಹೆಚ್ಚು ಮತಗಳಲ್ಲಿ ದೊಡ್ಡ ಪಾಲು ಕಾಂಗ್ರೆಸ್ಸಿನದೇ ಇದ್ದಿರಬೇಕು, ಹಾಗಿದ್ದೂ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ ಸುಮಾರು 26 ಸಾವಿರ ಮತಗಳಿಂದ ಗೆದ್ದರು. ನನ್ನ ಪ್ರಕಾರ ಸೋಲಿಗೆ ಕಾರಣ ಬಿಜೆಪಿಯ ಒಳಜಗಳ. 2004ರಿಂದ ಸತತ ನಾಲ್ಕು ಬಾರಿ ಗೆದ್ದಿದ್ದ ಜಿ.ಎಂ. ಸಿದ್ದೇಶ್ವರ ಅವರ ಬದಲಿಗೆ ಪತ್ನಿ ಗಾಯತ್ರಿ ಅವರಿಗೆ ಟಿಕೆಟ್ ಕೊಟ್ಟಾಗ ಜಿಲ್ಲೆಯ ಬಿಜೆಪಿ ನಾಯಕರಾದ ರೇಣುಕಾಚಾರ್ಯ, ರವೀಂದ್ರನಾಥ್ ಮೊದಲಾದವರು ಬಹಿರಂಗವಾಗಿಯೇ ಸಿಡಿದೆದ್ದಿದ್ದರು. ಸಂಧಾನದಿಂದ ಬಾಯಿ ಮುಚ್ಚಿತೇ ಹೊರತು ಮನಸ್ಸು ಕೂಡಲಿಲ್ಲವೆಂಬುದು ನನ್ನ ಅಭಿಪ್ರಾಯ. (ಪಕ್ಕದ ಚಿತ್ರದುರ್ಗದಲ್ಲಾದರೋ ಮಗನಿಗೆ ಟಿಕೆಟ್ ತಪ್ಪಿ ಮುನಿದಿದ್ದ ಹೊಳಲ್ಕೆರೆಯ ಬಿಜೆಪಿ ಶಾಸಕ ಚಂದ್ರಪ್ಪನವರು ಸಮಾಧಾನಗೊಂಡರು, ಹೊರಗಿನಿಂದ ಬಂದ ಪಕ್ಷದ ಅಭ್ಯರ್ಥಿ ಗೋವಿಂದ ಕಾರಜೋಳರು ಗೆದ್ದರು.) ಫಲಿತಾಂಶದ ನಂತರ ಸಿದ್ದೇಶ್ವರ ಅವರು ಪಕ್ಷದ ಭಿನ್ನಮತೀಯ ಶಾಸಕ ಯತ್ನಾಳರ ಬಣದೊಂದಿಗೆ, ರೇಣುಕಾಚಾರ್ಯ ಆಗ ರಾಜ್ಯಾಧ್ಯಕ್ಷರಾಗಿದ್ದ ವಿಜಯೇಂದ್ರರ ಪರವಾಗಿ ನಿಂತಿದ್ದರಿಂದ ಜಿಲ್ಲೆಯ ಜಗಳವೇ ರಾಜ್ಯದ ಬಣಜಗಳದೊಳಗೆ ಸೇರಿಹೋಯಿತು, 2025ರ ಮಾರ್ಚ್‌ನಲ್ಲಿ ಪಕ್ಷದಿಂದ ಯತ್ನಾಳರ ಉಚ್ಚಾಟನೆಯಾದರೂ ಅದು ತಣ್ಣಗಾಗಲಿಲ್ಲ.