ಹನುಕ್ಕಾ ಸಂಜೆಗೆ ಮನೆಗೆ 14 ಜನ ಬರ್ತಿದ್ದಾರೆ, ಏನೇನು ಮಾಡಲಿ?

ಗಂಡನ ಮನೆಯವರು ಯಹೂದಿಗಳು, ಈ ಸಲ ಅವರ ದೀಪದ ಹಬ್ಬ ಹನುಕ್ಕಾ ನಮ್ಮ ನ್ಯೂಜೆರ್ಸಿ ಮನೆಯಲ್ಲಿ, 2026ರ ಡಿಸೆಂಬರ್ 6, ಭಾನುವಾರ, 8 ದೊಡ್ಡವರು, 6 ಮಕ್ಕಳು, ದೊಡ್ಡ ಊಟ ಬೇಡ, ಸುಮ್ನೆ ಕೂತು ತಿನ್ನೋ ಹಾಗಿರಲಿ ಅಂತ ಬರೆದಿದ್ದೀರಿ. ನಾನೂ ಇಲ್ಲೇ ಇದ್ದೀನಿ, ನಾನೂ ಅಂಥದೇ ಮನೆಯ ಸೊಸೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲ ವರ್ಷ ನಾನು ಹಬ್ಬ ಅಂದರೆ ನಮ್ಮ ದೀಪಾವಳಿ ಲೆಕ್ಕದಲ್ಲೇ ಅಡುಗೆಗೆ ಇಳಿದಿದ್ದೆ. ಮೂರು ಬಗೆ ಕರಿದದ್ದು, ಎಲ್ಲವೂ ಬಿಸಿಬಿಸಿ ಕೊಡಬೇಕು ಅನ್ನೋ ಹಟ. ಹಾಲ್‌ನಲ್ಲಿ ದೀಪ ಹಚ್ಚಿ ಎಲ್ಲರೂ ಹಾಡುತ್ತಿದ್ದರು, ನಾನು ಬಾಣಲೆ ಮುಂದೆ. ಅತ್ತೆ ಒಳಗೆ ಬಂದರು. ಸ್ಟೌವ್ ಆರಿಸಿದರು, ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಹನುಕ್ಕಾ ದೀಪ ಉರಿಯುವ ಆ ಅರ್ಧ ಗಂಟೆ ಹೆಂಗಸರು ಮನೆಗೆಲಸ ಮುಟ್ಟಬಾರದು ಅನ್ನೋದು ಅವರಲ್ಲಿ ಹಳೆಯ ಪದ್ಧತಿ ಅಂತ ನನಗೆ ಗೊತ್ತಾಗಿದ್ದು ಅವತ್ತೇ. ಅಂದಿನಿಂದ ನಾನು ಮೊದಲು ಆ ಅರ್ಧ ಗಂಟೆಯನ್ನು ಎತ್ತಿಡುತ್ತೇನೆ, ಆಮೇಲೆ ಅಡುಗೆ ಪಟ್ಟಿ ಬರೆಯುತ್ತೇನೆ. ನೀವೂ ಹಾಗೇ ಮಾಡಿ.

ಪಟ್ಟಿಗೆ ಮೊದಲು ಇನ್ನೊಂದು ತೀರ್ಮಾನ ಆಗಬೇಕು. ಹಾಲಿನ ಅಡುಗೆಯೋ, ಮಾಂಸದ ಅಡುಗೆಯೋ? ಕೋಷರ್, ಅಂದರೆ ಯಹೂದಿಗಳ ಆಹಾರ ನಿಯಮದಲ್ಲಿ, ಇವೆರಡು ಒಂದೇ ಊಟದಲ್ಲಿ ಬರುವಂತಿಲ್ಲ. ನಿಮ್ಮ ಅತ್ತೆಯನ್ನೋ ನಾದಿನಿಯನ್ನೋ ನೇರವಾಗಿ ಕೇಳಿ, ಯಾರು ಎಷ್ಟು ಪಾಲಿಸುತ್ತಾರೆ ಅಂತ. ಕೇಳಿದರೆ ಅವರಿಗೆ ಖುಷಿಯೇ ಆಗುತ್ತದೆ. ತುಂಬಾ ಕಟ್ಟುನಿಟ್ಟಿನವರಿದ್ದರೆ ನಿಮ್ಮ ಪಾತ್ರೆಯೂ ಲೆಕ್ಕಕ್ಕೆ ಬರುತ್ತದೆ. ಅಂಥವರಿಗೆ ಕೋಷರ್ ಅಂಗಡಿಯಿಂದ ಸೀಲ್ ಆದ ಪೊಟ್ಟಣವನ್ನೇ ತಂದು ಕಾಗದದ ತಟ್ಟೆಯಲ್ಲಿ ಕೊಡೋದು ಒಳ್ಳೆಯದು. ನಮ್ಮ ಕಡೆಯವರಿಗೆ ಹೊಳೆಯದ ಒಂದು ವಿಷಯ ಹೇಳುತ್ತೇನೆ: ತುಪ್ಪವೂ ಹಾಲಿನ ಲೆಕ್ಕವೇ. ಮಾಂಸದ ಅಡುಗೆ ಇದ್ದ ದಿನ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿದರೂ ತಪ್ಪಾಗುತ್ತದೆ.

ಸಂಜೆಯ ಪಾರ್ಟಿಗೆ ಹಾಲಿನ ಅಡುಗೆಯೇ ಸುಲಭ ಅಂತ ನನ್ನ ಅನುಭವ. ಬ್ರಿಸ್ಕೆಟ್ (ದನದ ಎದೆಭಾಗದ ಮಾಂಸ) ಇಟ್ಟರೆ ಸೋರ್ ಕ್ರೀಮ್, ಅಂದರೆ ಹುಳಿ ಕೆನೆ, ಬಿಡಬೇಕು, ಲಾಟ್ಕೆಗೆ (ಆಲೂಗಡ್ಡೆ ತುರಿದು ತಟ್ಟಿ ಕರಿದದ್ದು) ಸೋರ್ ಕ್ರೀಮ್ ಇಲ್ಲ ಅಂದರೆ ಅರ್ಧ ಜನಕ್ಕೆ ಬೇಜಾರು. ಹಬ್ಬದಲ್ಲಿ ಚೀಸ್ ತಿನ್ನುವ ಹಳೆಯ ವಾಡಿಕೆಯೂ ಇದೆ. ಮೀನು ಹಾಲಿನ ಲೆಕ್ಕಕ್ಕೂ ಬರದು, ಮಾಂಸದ ಲೆಕ್ಕಕ್ಕೂ ಬರದು, ಹಾಗಾಗಿ ತೆಳ್ಳಗೆ ಹೆಚ್ಚಿದ ಸ್ಮೋಕ್ಡ್ ಸಾಲ್ಮನ್ ಇಡಬಹುದು. ಸೀಗಡಿ ಮಾತ್ರ ಬೇಡವೇ ಬೇಡ.

ಈಗ ಲಾಟ್ಕೆ. ಜೆರುಸಲೇಮಿನ ದೇವಾಲಯದಲ್ಲಿ ಒಂದು ದಿನಕ್ಕಾಗುವ ಎಣ್ಣೆ 8 ದಿನ ಉರಿಯಿತು ಅನ್ನೋ ಕಥೆಯ ಹಬ್ಬ ಇದು, ಅದಕ್ಕೇ ಎಣ್ಣೆಯಲ್ಲಿ ಕರಿದದ್ದು ಬೇಕು. ಆದರೆ ಕರಿಯೋದು ಇದೊಂದೇ ಇರಲಿ. ತಲೆಗೆ ಮೂರೂವರೆಯಂತೆ 50 ಲಾಟ್ಕೆ ಸಾಕು. ಅದಕ್ಕೆ 5 ಪೌಂಡಿನ ಒಂದು ಚೀಲ ರಸೆಟ್ ಆಲೂಗಡ್ಡೆ, ಅಂದರೆ ಸುಮಾರು ಎರಡೂಕಾಲು ಕಿಲೋ, 3 ದೊಡ್ಡ ಈರುಳ್ಳಿ, 5 ಮೊಟ್ಟೆ, ಮುಕ್ಕಾಲು ಕಪ್ ಮಾತ್ಸಾ ಹಿಟ್ಟು (ಯಹೂದಿಗಳ ಹುಳಿ ಬರಿಸದ ರೊಟ್ಟಿಯ ಪುಡಿ), ಉಪ್ಪು, ಕಾಳುಮೆಣಸಿನ ಪುಡಿ. ಮಾತ್ಸಾ ಹಿಟ್ಟು ಸಿಗದಿದ್ದರೆ ಮೈದಾ ನಡೆಯುತ್ತದೆ.

ಆಲೂಗಡ್ಡೆಯನ್ನು ಈರುಳ್ಳಿ ಜೊತೆಯೇ ತುರಿಯಿರಿ, ಬಣ್ಣ ಬೇಗ ಕಪ್ಪಾಗೋದಿಲ್ಲ. ತುರಿದದ್ದನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಬಟ್ಟಲಿನ ಮೇಲೆ ಹಿಡಿದು, ಮೊಸರು ಕಟ್ಟಿ ಶ್ರೀಖಂಡಕ್ಕೆ ಹಿಂಡುತ್ತೇವಲ್ಲ, ಅದಕ್ಕಿಂತ ಜೋರಾಗಿ ಹಿಂಡಿ. ಕೈ ನೋಯಬೇಕು, ಅಷ್ಟು. ಆ ನೀರನ್ನು ಚೆಲ್ಲಬೇಡಿ. ಹತ್ತು ನಿಮಿಷ ಬಿಟ್ಟರೆ ಕೆಂಚು ನೀರು ಮೇಲೆ ನಿಲ್ಲುತ್ತದೆ, ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಪಿಷ್ಟ ಅಂಟಿಕೊಂಡಿರುತ್ತದೆ. ನೀರು ಮೆಲ್ಲಗೆ ಬಗ್ಗಿಸಿ, ಆ ಪಿಷ್ಟವನ್ನು ಬೆರಳಲ್ಲಿ ಕೆರೆದು ತುರಿಗೆ ಸೇರಿಸಿ. ಲಾಟ್ಕೆ ಬಿಡಿಬಿಡಿಯಾಗದೆ ಗರಿಗರಿಯಾಗಿ ನಿಲ್ಲೋದು ಇದರಿಂದಲೇ. ಇದು ಗೊತ್ತಿಲ್ಲದೆ ಎರಡು ವರ್ಷ ನಾನು ಮೈದಾ ಜಾಸ್ತಿ ಹಾಕಿ ಹಾಕಿ, ಲಾಟ್ಕೆ ದಪ್ಪ ದೋಸೆ ಥರ ಆಗುತ್ತಿತ್ತು.

ಬೀಡಿನ ಬಾಣಲೆಯಲ್ಲಿ ಕಾಲು ಇಂಚು ಎಣ್ಣೆ ಸಾಕು, ಪೂರಿ ಥರ ಮುಳುಗಿಸಬೇಕಿಲ್ಲ. ಒಂದು ಎಳೆ ಹಾಕಿ ನೋಡಿ, ತಕ್ಷಣ ಸೊರ್ ಅಂತ ನೊರೆ ಎದ್ದರೆ ಕಾದಿದೆ ಅಂತ ಲೆಕ್ಕ. ಒಂದು ದೊಡ್ಡ ಚಮಚದಷ್ಟು ಬಿಟ್ಟು ಸ್ವಲ್ಪ ತಟ್ಟಿ. ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ ಮುಟ್ಟಬೇಡಿ. ತೆಗೆದದ್ದನ್ನು ಕಾಗದದ ಮೇಲೆ ಒಂದರ ಮೇಲೊಂದು ಪೇರಿಸಿದರೆ ಬೆವತು ಮೆತ್ತಗಾಗುತ್ತದೆ. ತಂತಿ ಜಾಲರಿಯ ಮೇಲೆ ಹರಡಿ.

ಡಿಸೆಂಬರ್ ಮೊದಲ ವಾರ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಜನರನ್ನು ನಾಲ್ಕಕ್ಕೆ ಕರೆಯಿರಿ, ಐದಕ್ಕೆ ದೀಪ. 30 ಲಾಟ್ಕೆ ಬೆಳಿಗ್ಗೆಯೇ ಕರಿದಿಟ್ಟುಕೊಳ್ಳಿ. ನಾಲ್ಕೂವರೆಗೆ ಅವನ್ನು 425 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ 8-10 ನಿಮಿಷ ಇಟ್ಟರೆ ಮತ್ತೆ ಗರಿಗರಿ. ಆಮೇಲೆ ಉರಿ ಇಳಿಸಿ ಒಳಗೇ ಬಿಡಿ. ಉಳಿದ 20ಕ್ಕೆ ಬೇಕಾದ ಆಲೂಗಡ್ಡೆಯನ್ನು ಸಿಪ್ಪೆ ತೆಗೆದು ನೀರಲ್ಲಿ ಮುಳುಗಿಸಿಡಿ. ದೀಪ ಆರಿದ ಮೇಲೆ ತುರಿದು ಬಿಸಿಯಾಗಿ ಮಾಡಿ. ಆ ಹೊತ್ತಿಗೆ ಒಬ್ಬಿಬ್ಬರು ಅಡುಗೆಮನೆಗೆ ಬಂದೇ ಬರುತ್ತಾರೆ, ತುರಿಯೋ ಕೆಲಸ ಅವರಿಗೆ ಕೊಡಿ. ಮಕ್ಕಳು ಡ್ರೈಡೆಲ್ ಬುಗುರಿ ಆಡೋ ಜಾಗ ಮಾತ್ರ ಸ್ಟೌವ್‌ನಿಂದ ದೂರ ಇರಲಿ.

ಸೂಪ್ ಒಂದು ಬಿಟ್ಟು ಉಳಿದದ್ದೆಲ್ಲ ತಣ್ಣಗಿದ್ದರೆ ಸಾಕು. ಆಪಲ್ ಸಾಸ್, ಸೋರ್ ಕ್ರೀಮ್, ಸಾಲ್ಮನ್, ಒಂದು ದೊಡ್ಡ ಪಾತ್ರೆ ಟೊಮೆಟೊ ಸೂಪ್. ಅದರ ಜೊತೆ ಸೌತೆಕಾಯಿ ಹೆಸರುಬೇಳೆ ಕೋಸಂಬರಿ ಮಾಡಿ ಅಂತ ನಾನು ಒತ್ತಿ ಹೇಳುತ್ತೇನೆ. ಅಷ್ಟು ಎಣ್ಣೆ ತಿಂದ ಬಾಯಿಗೆ ನಿಂಬೆಹುಳಿ ಬಿದ್ದ ಕೋಸಂಬರಿ ಎಷ್ಟು ಹಿತ! ನಮ್ಮ ಮನೆಯಲ್ಲಿ ಮೊದಲು ಖಾಲಿಯಾಗೋ ಬಟ್ಟಲು ಅದೇ.

ಸಿಹಿಗೆ ಸುಫ್ಗಾನಿಯೋಟ್, ಅಂದರೆ ಜಾಮ್ ತುಂಬಿದ ಡೋನಟ್, ಬೇಕರಿಯಿಂದ ತನ್ನಿ. ಅದನ್ನು ಮನೆಯಲ್ಲಿ ಮಾಡೋಕೆ ಹೊರಟರೆ ಮತ್ತೆ ಬಾಣಲೆ ಮುಂದೆ ನಿಲ್ಲಬೇಕಾಗುತ್ತದೆ. ಮಕ್ಕಳಿಗೆ ಗೆಲ್ಟ್, ಚಿನ್ನದ ಕಾಗದ ಸುತ್ತಿದ ಚಾಕೊಲೇಟ್ ನಾಣ್ಯ. ನಿಮ್ಮದೇ ಏನಾದರೂ ಇಡಬೇಕು ಅನ್ನಿಸಿದರೆ ಕಜ್ಜಾಯ ಇಡಿ. ಕೊಚ್ಚಿಯ ಯಹೂದಿಗಳು ಈ ಹಬ್ಬಕ್ಕೆ ನೆಯ್ಯಪ್ಪಂ ಮಾಡುತ್ತಾರೆ. ಅಕ್ಕಿ, ಬೆಲ್ಲ, ಕರಿಯೋದು, ನಮ್ಮ ಕಜ್ಜಾಯಕ್ಕೆ ತೀರಾ ಹತ್ತಿರದ ನೆಂಟ. ಎರಡು ದಿನ ಮುಂಚೆ ಮಾಡಿಟ್ಟರೂ ಕೆಡೋದಿಲ್ಲ. ಈ ಕಥೆ ಹೇಳಿ ನಾನು ಮೊದಲ ಸಲ ತಟ್ಟೆ ಮುಂದಿಟ್ಟಾಗ ಮಾವ ಎರಡು ತಿಂದು, ಮೂರನೆಯದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

6ರ ಭಾನುವಾರ ಸಂಜೆ ಮೂರನೇ ದೀಪ. ಮೂರು ಮೇಣದ ಬತ್ತಿ, ಜೊತೆಗೆ ಅವನ್ನು ಹಚ್ಚೋಕೆ ಶಮಾಶ್ ಅನ್ನೋ ಬತ್ತಿ ಒಂದು, ಒಟ್ಟು 4. ದಿನಕ್ಕೊಂದು ಬತ್ತಿ ಹೆಚ್ಚುತ್ತಾ ಹೋಗೋದರಿಂದ ಎಂಟೂ ದಿನಕ್ಕೆ 44 ಬೇಕು, ಒಂದು ಡಬ್ಬಿಯಲ್ಲಿ ಅಷ್ಟೇ ಇರುತ್ತವೆ. ಮಕ್ಕಳಿದ್ದಾರಲ್ಲ, ಮುರಿಯುತ್ತವೆ. ಎರಡು ಡಬ್ಬಿ ತಂದಿಟ್ಟುಕೊಳ್ಳಿ.